ಈ ಪೀಕ್ ಹರಳಿನದೇನಾ? ಡೈಮಂಡ್ ಸೆಲ್ ರಾಮನ್ ಅಳತೆಯಲ್ಲಿ ದೋಷ ಹುಡುಕುವ ಬಗೆ

ಎರಡು ವಜ್ರಗಳ ನಡುವೆ ಒತ್ತುವ ಉಪಕರಣವಾದ ಡೈಮಂಡ್ ಆನ್ವಿಲ್ ಸೆಲ್‌ನಲ್ಲಿ ಹರಳನ್ನು ಒತ್ತಿ, ಅದರ ರಾಮನ್ ಸ್ಪೆಕ್ಟ್ರಮ್ (ಹರಳಿನ ಕಂಪನಗಳಿಂದ ಬಣ್ಣ ಸರಿದು ಚದುರಿದ ಲೇಸರ್ ಬೆಳಕಿನ ಗ್ರಾಫ್, ಅದರಲ್ಲಿ ಕಂಪನಗಳು ಪೀಕ್‌ಗಳಾಗಿ ಕಾಣುತ್ತವೆ) ತೆಗೆಯುವವರಿಗೆ ಎರಡು ಬಗೆಯ ತೊಂದರೆ ಬರುತ್ತದೆ. ಒಂದರಲ್ಲಿ ಏನೂ ಕಾಣುವುದಿಲ್ಲ. ಇನ್ನೊಂದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಮೊದಲನೆಯದು ಬರೀ ತಲೆನೋವು. ಎರಡನೆಯದು ನಿಜವಾದ ಅಪಾಯ, ಯಾಕೆಂದರೆ ಅದು ದೋಷದ ಹಾಗೆ ಕಾಣುವುದೇ ಇಲ್ಲ. ಹೊಸ ಪೀಕ್ ಎದ್ದಿದೆ, ಹಳೆಯದು ಎರಡಾಗಿದೆ, ಮತ್ತೊಂದು ಮಾಯವಾಗಿದೆ. ಒತ್ತಡದಲ್ಲಿ ಹರಳಿನ ರಚನೆ ಬದಲಾದಾಗ ಇದೇ ಆಗುತ್ತದೆ. ಉಪಕರಣ ಕೈಕೊಟ್ಟಾಗಲೂ ಇದೇ ಆಗುತ್ತದೆ.

ಹಾಗಾಗಿ ಅನುಮಾನವನ್ನು ಹೊರಗಿನಿಂದ ಒಳಗೆ ತನ್ನಿ. ಮೊದಲು ಸ್ಪೆಕ್ಟ್ರೋಮೀಟರ್, ಆಮೇಲೆ ಒತ್ತಡ ಅಳೆಯುವ ರೂಬಿ (ಒತ್ತಡ ಏರಿದಂತೆ ಅದು ಹೊಳೆಯುವ ಕೆಂಪು ಗೆರೆಗಳ ತರಂಗಾಂತರ ಸರಿಯುತ್ತದೆ), ಆಮೇಲೆ ಗ್ಯಾಸ್ಕೆಟ್ (ವಜ್ರಗಳ ನಡುವಿನ ತೂತಿರುವ ಲೋಹದ ಹಾಳೆ) ಮತ್ತು ದ್ರವ. ಹರಳಿನ ಸರದಿ ಕೊನೆಗೆ. ಬಹಳಷ್ಟು ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಕೆಳಗಿನ ಮಾತುಗಳಿಗೆ ನಾನು ಮನಸ್ಸಿನಲ್ಲಿಟ್ಟುಕೊಂಡಿರುವ ಸೆಲ್ ಸಾಮಾನ್ಯವಾದದ್ದೇ. 300 ಮೈಕ್ರಾನ್ ಅಗಲದ ಮುಖವಿರುವ ಎರಡು ವಜ್ರ. ನಡುವೆ 250 ಮೈಕ್ರಾನ್‌ನಿಂದ 40–50 ಮೈಕ್ರಾನ್‌ಗೆ ಒತ್ತಿ ತೆಳುಮಾಡಿದ ಸ್ಟೀಲ್ ಗ್ಯಾಸ್ಕೆಟ್. ಅದರಲ್ಲಿ 100–150 ಮೈಕ್ರಾನ್ ತೂತು. ತೂತಿನೊಳಗೆ ಸ್ಯಾಂಪಲ್, ಒಂದೆರಡು ರೂಬಿ ಚೂರು, ಒತ್ತಡ ಹಂಚುವ ದ್ರವ. ಬೇರೆ ಹೇಳದಿದ್ದರೆ ಲೇಸರ್ 532 ನ್ಯಾನೋಮೀಟರ್‌ನದು.

ಸೆಲ್ ಮುಟ್ಟುವ ಮೊದಲು

ಸೆಲ್ಲನ್ನು ಪಕ್ಕಕ್ಕಿಟ್ಟು ಒಂದು ಸಿಲಿಕಾನ್ ಚೂರು ಇಡಿ. ಅದರ ಪೀಕ್ 520.5 ಸೆಂ.ಮೀ⁻¹ ಹತ್ತಿರ ಬರಬೇಕು. ಬೆಳಕು ಲೇಸರ್‌ನಿಂದ ಎಷ್ಟು ಸರಿದಿದೆ ಅನ್ನುವ ಅಳತೆ ಇದು, ಇದನ್ನೇ ಶಿಫ್ಟ್ ಅನ್ನುವುದು. ಮುಂದೆ ಬರೀ ಅಂಕಿಯಲ್ಲಿ ಹೇಳುವ ಪೀಕ್‌ಗಳೂ ಇದೇ ಅಳತೆಯಲ್ಲಿವೆ. 522ರಲ್ಲಿ ಬಂದರೆ ನಿಮ್ಮ ಎಲ್ಲ ಪೀಕ್‌ಗಳೂ ಅಷ್ಟೇ ಆಚೆ ಹೋಗಿವೆ ಎಂದರ್ಥ. ಹರಳಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಸಣ್ಣ ಮೋಸವಿದೆ. ಸಿಲಿಕಾನ್ ಸರಿ ಬಂತು ಅಂದಮಾತ್ರಕ್ಕೆ ರೂಬಿ ಅಳತೆಯೂ ಸರಿ ಅಂತಲ್ಲ. ಸಿಲಿಕಾನ್ ಪೀಕ್ ಬರುವುದು 547 ನ್ಯಾನೋಮೀಟರ್ ಸುಮಾರಿಗೆ, ರೂಬಿ ಇರುವುದು 694ರಲ್ಲಿ. ಎರಡರ ನಡುವೆ ಗ್ರೇಟಿಂಗ್ (ಸ್ಪೆಕ್ಟ್ರೋಮೀಟರ್‌ನಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಭಾಗ) ತಿರುಗಿದೆ. ಆ ಜಾಗಕ್ಕೆ ನಿಯಾನ್ ದೀಪ ಒಳ್ಳೆಯದು. ಅದರ 692.95 ಮತ್ತು 703.24 ನ್ಯಾನೋಮೀಟರ್ ಗೆರೆಗಳು ರೂಬಿಯ ಪಕ್ಕದಲ್ಲೇ ಇವೆ. ರೂಬಿ ತೆಗೆಯುವಾಗಲೇ ದೀಪವನ್ನೂ ಒಂದು ಕ್ಷಣ ಹೊತ್ತಿಸಿದರೆ ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ಗ್ರೇಟಿಂಗ್ ಎಷ್ಟು ಜಾರಿದೆ ಅಂತ ಆಗ ಊಹಿಸಬೇಕಾಗಿಲ್ಲ.

ಜಾರುವಿಕೆ ಎಷ್ಟು ದುಬಾರಿ ಅಂದರೆ, 0.04 ನ್ಯಾನೋಮೀಟರ್ ತಪ್ಪು ಸುಮಾರು 0.1 ಗಿಗಾಪಾಸ್ಕಲ್ ತಪ್ಪು (ಒಂದು ಗಿಗಾಪಾಸ್ಕಲ್ ಅಂದರೆ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು). ಕೋಣೆಯ ಬಿಸಿಯೂ ಇದೇ ಕೆಲಸ ಮಾಡುತ್ತದೆ. ರೂಬಿಯ ಗೆರೆ ಒಂದು ಡಿಗ್ರಿಗೆ ಹೆಚ್ಚುಕಮ್ಮಿ 0.007 ನ್ಯಾನೋಮೀಟರ್ ಸರಿಯುತ್ತದೆ. ಅಂದರೆ ಕೋಣೆ ಐದಾರು ಡಿಗ್ರಿ ಬಿಸಿಯಾದರೂ ಸುಮ್ನೆ 0.1 ಗಿಗಾಪಾಸ್ಕಲ್ ಏರಿದ ಹಾಗೆ ಕಾಣುತ್ತದೆ. ಅದಕ್ಕೇ ಸೆಲ್ ಹೊರಗೆ ಒಂದು ರೂಬಿ ಚೂರು ಇಟ್ಟುಕೊಂಡು, ಆ ದಿನದ ಶೂನ್ಯವನ್ನು ಆ ದಿನವೇ ಅಳೆಯಿರಿ. ಪುಸ್ತಕದ 694.24 ಅನ್ನು ಹಾಗೇ ಹಾಕಿಕೊಳ್ಳಬೇಡಿ.

ಗುರುತಿಲ್ಲದ ಪೀಕ್ ಬಂದಿದೆ

ಹೆಚ್ಚು ಜನ ಜಾರಿ ಬೀಳುವ ಜಾಗ ಇದು. ಮೊದಲು ಸುಲಭದ ಗಿರಾಕಿಗಳನ್ನು ಕಳಿಸಿಬಿಡೋಣ. ಒಂದೆರಡು ಪಿಕ್ಸೆಲ್ ಅಗಲದ, ಸೂಜಿಯಂಥ ಗೆರೆ ಬಂದು ಮುಂದಿನ ಅಳತೆಯಲ್ಲಿ ಇಲ್ಲವಾದರೆ ಅದು ಕಾಸ್ಮಿಕ್ ಕಿರಣ. 1332 ಹತ್ತಿರದ ದೊಡ್ಡ ಪೀಕ್ ವಜ್ರದ್ದು, 2200ರಿಂದ 2670ರವರೆಗೆ ಹರಡಿಕೊಂಡ ಗುಡ್ಡವೂ ವಜ್ರದ್ದೇ. 1556 ಮತ್ತು 2331 ಬೆಳಕಿನ ದಾರಿಯಲ್ಲಿರುವ ಗಾಳಿಯ ಆಕ್ಸಿಜನ್ ಮತ್ತು ನೈಟ್ರೋಜನ್. ಮೆಥನಾಲ್–ಎಥನಾಲ್ ತುಂಬಿದ್ದರೆ 880, 1030 ಸುತ್ತಮುತ್ತ ಮತ್ತು 2800–3000ರ ನಡುವೆ ಅದರದೇ ಪೀಕ್‌ಗಳು ಇರುತ್ತವೆ. ಅವೂ ಒತ್ತಡದ ಜೊತೆ ಸರಿಯುತ್ತವೆ. ಹಾಗಾಗಿ ‘ಸರಿಯುತ್ತಿದೆ, ಆದ್ದರಿಂದ ಸ್ಯಾಂಪಲ್‌ದೇ’ ಎನ್ನುವ ವಾದ ನಿಲ್ಲುವುದಿಲ್ಲ.

484 ಸೆಂ.ಮೀ⁻¹ನಲ್ಲಿ ಚೂಪಾದ, ಒತ್ತಡಕ್ಕೆ ಜಗ್ಗದ ಗೆರೆ ಕಂಡರೆ ತಲೆ ಎತ್ತಿ ಚಾವಣಿ ನೋಡಿ. ಟ್ಯೂಬ್‌ಲೈಟ್ ಉರಿಯುತ್ತಿದೆ ಅಲ್ವಾ? ಪಾದರಸದ 546.07 ನ್ಯಾನೋಮೀಟರ್ ಗೆರೆ 532 ಲೇಸರ್ ಲೆಕ್ಕದಲ್ಲಿ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಆರಿಸಿ, ಇನ್ನೊಮ್ಮೆ ತೆಗೆಯಿರಿ.

ವಜ್ರದ ಪೀಕ್ ಬಗ್ಗೆ ಇನ್ನೊಂದು ಮಾತು. ಒತ್ತಡ ಏರಿದಂತೆ ವಜ್ರದ ತುದಿಯೂ ಒತ್ತಡಕ್ಕೆ ಸಿಗುತ್ತದೆ. ಆಗ 1332ರ ಬಲಗಡೆಗೆ ಒಂದು ಭುಜ ಬೆಳೆದು ಮೇಲಕ್ಕೆ ಸರಿಯುತ್ತಾ ಹೋಗುತ್ತದೆ. ಅತಿ ಹೆಚ್ಚಿನ ಒತ್ತಡದಲ್ಲಿ ಆ ಭುಜದ ಅಂಚನ್ನೇ ಮಾಪಕವಾಗಿ ಬಳಸುವವರಿದ್ದಾರೆ. ಗೊತ್ತಿಲ್ಲದವರು ಅದನ್ನೇ ಹೊಸ ಫೇಸ್, ಅಂದರೆ ಹರಳಿನ ಹೊಸ ರಚನೆ ಅಂದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಕಿಲಾಡಿ ಅಂದರೆ ರೂಬಿ. 633 ನ್ಯಾನೋಮೀಟರ್‌ನ ಕೆಂಪು ಲೇಸರ್ ಬಳಸುವವರು ಇದನ್ನು ಗಮನವಿಟ್ಟು ಓದಿ. ರೂಬಿಯ ಎರಡು ಗೆರೆಗಳು 692.8 ಮತ್ತು 694.24 ನ್ಯಾನೋಮೀಟರ್‌ನಲ್ಲಿವೆ. 632.8 ಲೇಸರ್‌ನಿಂದ ಲೆಕ್ಕ ಹಾಕಿದರೆ ಅವು ರಾಮನ್ ಅಕ್ಷದಲ್ಲಿ 1369 ಮತ್ತು 1399 ಸೆಂ.ಮೀ⁻¹ಗೆ ಬರುತ್ತವೆ, ವಜ್ರದ ಪೀಕ್‌ನ ಪಕ್ಕಕ್ಕೇ. ಒತ್ತಡ ಏರಿಸಿ ನೋಡಿ. ರೂಬಿ ಒಂದು ಗಿಗಾಪಾಸ್ಕಲ್‌ಗೆ 0.365 ನ್ಯಾನೋಮೀಟರ್ ಸರಿಯುತ್ತದೆ, ಅಂದರೆ ಈ ಅಕ್ಷದಲ್ಲಿ ಸುಮಾರು 7.6 ಸೆಂ.ಮೀ⁻¹. ಹರಳಿನ ಎಷ್ಟೋ ಕಂಪನಗಳು ಸರಿಯುವುದೂ ಹೆಚ್ಚುಕಮ್ಮಿ ಇದೇ ವೇಗದಲ್ಲಿ. ಕ್ವಾರ್ಟ್ಜ್‌ನ 464 ಪೀಕ್ ಒಂದು ಗಿಗಾಪಾಸ್ಕಲ್‌ಗೆ 9ರಷ್ಟು ಸರಿಯುತ್ತದೆ, ಸಿಲಿಕಾನ್ 5ರಷ್ಟು. ನಡುವೆ ಬರುವ 7.6 ನೋಡಿ ಯಾರಿಗೆ ಅನುಮಾನ ಬರಬೇಕು? ಗ್ರಾಫ್ ಹಾಕಿದರೆ ನೇರ ಗೆರೆ. ಒತ್ತಡ ಇಳಿಸಿದರೆ ಅದೇ ದಾರಿಯಲ್ಲಿ ವಾಪಸ್. ಎಷ್ಟು ಸಲ ಮಾಡಿದರೂ ಅದೇ ಉತ್ತರ. ಬರಬೇಕಾದದ್ದೇ, ನೀವು ಒತ್ತಡದ ಮಾಪಕವನ್ನೇ ಒತ್ತಡದ ಎದುರು ಗ್ರಾಫ್ ಹಾಕಿದ್ದೀರಿ.

ಹಿಡಿಯುವ ದಾರಿ ಮೂರಿವೆ. ಎರಡು ಗೆರೆಗಳ ಅಂತರ ಸುಮಾರು 30 ಸೆಂ.ಮೀ⁻¹ ಇದ್ದು, ಒತ್ತಡ ಏರಿದರೂ ಹಾಗೇ ಉಳಿದರೆ ಅನುಮಾನ ಪಡಿ. ಲೇಸರ್ ಚುಕ್ಕಿಯನ್ನು ರೂಬಿಯಿಂದ ದೂರ ಸರಿಸಿ. ಬೆಳಕು ಕಡಿಮೆಯಾಗಬೇಕು, ಆದರೆ ಪೂರ್ತಿ ಹೋಗದಿರಬಹುದು, ಯಾಕೆಂದರೆ ರೂಬಿ ಅಷ್ಟು ಜೋರಾಗಿ ಹೊಳೆಯುತ್ತದೆ. ಕೊನೆಯ ಮತ್ತು ಖಂಡಿತವಾದ ಪರೀಕ್ಷೆ ಲೇಸರ್ ಬದಲಿಸುವುದು. ರಾಮನ್ ಪೀಕ್ ಲೇಸರ್‌ಗೆ ಅಂಟಿಕೊಂಡಿರುತ್ತದೆ, ಯಾವ ಬಣ್ಣ ಹಾಕಿದರೂ ಶಿಫ್ಟ್ ಅದೇ. ಫ್ಲೋರೆಸೆನ್ಸ್ (ರೂಬಿಯಂಥವು ಲೇಸರ್ ಬಿದ್ದಾಗ ತಾವೇ ಹೊಳೆಯುವ ಬೆಳಕು) ಮತ್ತು ದೀಪದ ಗೆರೆಗಳು ತಮ್ಮ ತರಂಗಾಂತರಕ್ಕೆ ಅಂಟಿಕೊಂಡಿರುತ್ತವೆ. 532ಕ್ಕೆ ಬಂದರೆ ಈ ಜೋಡಿ 4360–4400ರ ಕಡೆಗೆ ಓಡಿಹೋಗುತ್ತದೆ. ಅಲ್ಲಿ ಯಾರಿಗೂ ತೊಂದರೆ ಇಲ್ಲ ಅನ್ನುವ ಹಾಗೂ ಇಲ್ಲ. ಅದರ ಬಾಲ 3600ರ ತನಕ ಚಾಚಿ, ನೀರಿನಂಶವಿರುವ ಖನಿಜಗಳ ಪೀಕ್‌ಗಳ ಹಿನ್ನೆಲೆಯನ್ನು ಎತ್ತಿಬಿಡಬಹುದು.

ಎರಡನೇ ಲೇಸರ್ ಇಲ್ಲವೇ? ಹಾಗಿದ್ದರೆ ತೂತಿನೊಳಗೇ ಸ್ಯಾಂಪಲ್ ಇಲ್ಲದ ಜಾಗಕ್ಕೆ ಚುಕ್ಕಿ ಸರಿಸಿ, ಅಷ್ಟೇ ಹೊತ್ತು, ಅಷ್ಟೇ ಲೇಸರ್ ಶಕ್ತಿಯಲ್ಲಿ ಒಂದು ಸ್ಪೆಕ್ಟ್ರಮ್ ತೆಗೆಯಿರಿ. ಪ್ರತಿ ಒತ್ತಡದಲ್ಲೂ ಇದನ್ನು ತೆಗೆಯುವುದು ಬೇಸರದ ಕೆಲಸವೇ. ಆದರೂ ನನ್ನನ್ನು ಕೇಳಿದರೆ ಈ ಖಾಲಿ ಜಾಗದ ಸ್ಪೆಕ್ಟ್ರಮ್ ಇಲ್ಲದ ಹೊಸ ಪೀಕನ್ನು ನಂಬಲೇಬಾರದು.

ಒತ್ತಡದ ಅಂಕಿ ನಂಬಬಹುದಾ?

ಆರೋಗ್ಯವಾಗಿರುವ ರೂಬಿ ಎರಡು ಚೂಪು ಗೆರೆ ಕೊಡುತ್ತದೆ, ನಡುವೆ ಆಳವಾದ ಕಣಿವೆ. ಆ ಕಣಿವೆಯನ್ನೇ ನೋಡುತ್ತಿರಿ. ಅದು ತುಂಬಿಕೊಳ್ಳುತ್ತಾ ಬಂದರೆ, ಗೆರೆಗಳು ದಪ್ಪವಾಗುತ್ತಿದ್ದರೆ, ಸೆಲ್ಲಿನೊಳಗೆ ಒತ್ತಡ ಎಲ್ಲ ದಿಕ್ಕಿನಿಂದ ಸಮನಾಗಿಲ್ಲ. ದ್ರವ ಗಟ್ಟಿಯಾಗಿದೆ, ಇಲ್ಲವೇ ರೂಬಿ ಎರಡು ವಜ್ರಗಳ ನಡುವೆ ಸಿಕ್ಕಿಕೊಂಡಿದೆ.

ನಾಲ್ಕು ಗೆರೆ ಕಂಡರೆ ಗಾಬರಿ ಬೇಡ, ಲೇಸರ್ ಎರಡು ಚೂರುಗಳ ಮೇಲೆ ಬಿದ್ದಿದೆ. ಬಹಳ ಸಲ ಒಂದು ಚೂರು ತೂತಿನಿಂದ ಹೊರಗೆ, ಗ್ಯಾಸ್ಕೆಟ್ ಮೇಲೆ ಕೂತಿರುತ್ತದೆ. ಅದರ ಒತ್ತಡ ಬೇರೆಯೇ. ಸೆಲ್ ಮುಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಯಾವ ಚೂರು ಎಲ್ಲಿದೆ ಅಂತ ಆಮೇಲೆ ಒದ್ದಾಡಬೇಕಾಗಿಲ್ಲ.

ರೂಬಿಗೆ ಲೇಸರ್ ಜಾಸ್ತಿ ಹಾಕುವುದೂ ಒಂದು ದೋಷವೇ. ಸ್ಯಾಂಪಲ್‌ಗೆ ಇಟ್ಟ ಶಕ್ತಿಯಲ್ಲೇ ರೂಬಿಯನ್ನೂ ತೆಗೆದರೆ ಡಿಟೆಕ್ಟರ್ ತುಂಬಿ ಪೀಕ್‌ನ ತಲೆ ಚಪ್ಪಟೆಯಾಗುತ್ತದೆ. ಚೂರು ಬಿಸಿಯಾದರೆ ಒತ್ತಡ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ರೂಬಿಗೆ ಅತಿ ಕಡಿಮೆ ಬೆಳಕು ಸಾಕು.

ಸ್ಕ್ರೂ ತಿರುಗಿಸಿದ ತಕ್ಷಣ ಅಳತೆ ಶುರು ಮಾಡಬೇಡಿ. ಗ್ಯಾಸ್ಕೆಟ್ ಇನ್ನೂ ಹರಿಯುತ್ತಿರುತ್ತದೆ, ಒತ್ತಡ ನಿಧಾನಕ್ಕೆ ಏರುತ್ತಲೇ ಇರುತ್ತದೆ. ಸ್ಪೆಕ್ಟ್ರಮ್‌ಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ರೂಬಿ ತೆಗೆಯಿರಿ. ಮೊದಲು 5.0, ಆಮೇಲೆ 5.4 ಬಂದರೆ ಆ ಸ್ಪೆಕ್ಟ್ರಮ್ ಒಂದು ಒತ್ತಡದ್ದಲ್ಲ, ಕಲಬೆರಕೆ. ಅದರಲ್ಲಿ ಪೀಕ್ ದಪ್ಪವಾಗಿದ್ದರೆ ಆಶ್ಚರ್ಯವೇನಿಲ್ಲ.

ಬೇರೆಯವರ ಅಂಕಿಗೂ ನಿಮ್ಮ ಅಂಕಿಗೂ ಸಣ್ಣ ವ್ಯತ್ಯಾಸವಿದ್ದರೆ ಯಾವ ರೂಬಿ ಸ್ಕೇಲ್ ಬಳಸಿದ್ದಾರೆ ನೋಡಿ. 1986ರ ಸ್ಕೇಲ್ ಇನ್ನೂ ಚಾಲ್ತಿಯಲ್ಲಿದೆ, 2020ರದ್ದು ಹೊಸದು. 10 ಗಿಗಾಪಾಸ್ಕಲ್ ಒಳಗೆ ಎರಡರ ವ್ಯತ್ಯಾಸ ಶೇ. 2 ದಾಟುವುದಿಲ್ಲ. 50 ದಾಟಿದರೆ ಅದನ್ನು ಕಡೆಗಣಿಸುವ ಹಾಗಿಲ್ಲ.

ಸ್ಕ್ರೂ ತಿರುಗುತ್ತಿದೆ, ಒತ್ತಡ ಏರುತ್ತಿಲ್ಲ

ಇನ್ನೊಂದು ಸುತ್ತು ತಿರುಗಿಸುವ ಆಸೆ ಬರುತ್ತದೆ. ಬೇಡ. ಮೈಕ್ರೋಸ್ಕೋಪ್ ಅಡಿ ತೂತನ್ನು ನೋಡಿ, ಉತ್ತರ ಅಲ್ಲೇ ಇದೆ.

ತೂತು ಚಿಕ್ಕದಾಗುತ್ತಾ ಹೋಗಿದ್ದರೆ ದ್ರವ ಸೋರಿದೆ, ಅಥವಾ ಒಳಗೆ ಗಾಳಿಗುಳ್ಳೆ ಇತ್ತು. ಅನಿಲ ತುಂಬಿದ್ದರೆ ಶುರುವಿನಲ್ಲಿ ತೂತು ಚೆನ್ನಾಗಿಯೇ ಕುಗ್ಗುತ್ತದೆ, ಅದು ದೋಷವಲ್ಲ. ಕುಗ್ಗಿ ಕುಗ್ಗಿ ಗ್ಯಾಸ್ಕೆಟ್ ಅಂಚು ಸ್ಯಾಂಪಲ್‌ಗೆ ತಾಗಿತೋ, ಅಲ್ಲಿಗೆ ಆ ಲೋಡಿಂಗ್ (ಸೆಲ್ ತುಂಬಿ ಅಳೆಯುವ ಒಂದು ಸರದಿ) ಮುಗಿಯಿತು. ಮುಂದೆ ಬರುವ ಅಂಕಿಗಳು ಹರಳಿನ ಬಗ್ಗೆ ಹೇಳುವುದಕ್ಕಿಂತ ಸ್ಟೀಲ್ ಹೇಗೆ ಒತ್ತುತ್ತಿದೆ ಅನ್ನುವುದನ್ನೇ ಜಾಸ್ತಿ ಹೇಳುತ್ತವೆ.

ತೂತು ದೊಡ್ಡದಾಗುತ್ತಿದ್ದರೆ ವಿಷಯ ಗಂಭೀರ. ಗ್ಯಾಸ್ಕೆಟ್ ದಪ್ಪ ಇದೆ, ಇಲ್ಲವೇ ತೂತು ಮೊದಲೇ ದೊಡ್ಡದಿತ್ತು, ಇಲ್ಲವೇ ಲೋಹ ಆ ಒತ್ತಡಕ್ಕೆ ಮೆತ್ತಗಾಯಿತು. ತೂತಿನ ಅಗಲ ವಜ್ರದ ಮುಖದ ಅರ್ಧ ದಾಟಿದರೆ ನಿಲ್ಲಿಸಿ, ನಿಧಾನಕ್ಕೆ ಇಳಿಸಿ. ಸಿಡಿದರೆ ವಜ್ರವೂ ಹೋಗಬಹುದು. ಇನ್ನೂ ಮೇಲಕ್ಕೆ ಹೋಗಲೇಬೇಕಿದ್ದರೆ ಮುಂದಿನ ಸಲ ಗ್ಯಾಸ್ಕೆಟ್ಟನ್ನು ಇನ್ನಷ್ಟು ತೆಳುಮಾಡಿ, ತೂತನ್ನು ಮುಖದ ಮೂರನೇ ಒಂದಕ್ಕೆ ಇಳಿಸಿ, ಅಥವಾ ರೀನಿಯಂ ಎಂಬ ಗಟ್ಟಿ ಲೋಹ ಬಳಸಿ.

ತೂತು ಒಂದು ಪಕ್ಕಕ್ಕೆ ನಡೆದುಕೊಂಡು ಹೋಗಿ ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ವಜ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಇಲ್ಲವೇ ತೂತು ನಡುವಿನಲ್ಲಿ ಕೊರೆದಿಲ್ಲ. ಖಾಲಿ ಸೆಲ್ಲನ್ನು ತುಂಬ ಹುಷಾರಾಗಿ ಹತ್ತಿರ ತಂದು ಬಣ್ಣದ ಪಟ್ಟೆಗಳನ್ನು ನೋಡಿ. ಪಟ್ಟೆಗಳು ಒತ್ತೊತ್ತಾಗಿದ್ದರೆ ಓರೆ ಜಾಸ್ತಿ. ಒಂದೆರಡು ಅಗಲ ಪಟ್ಟೆ ಉಳಿಯುವ ತನಕ ಸರಿಪಡಿಸಿ.

ತೂತಿಗೆ ಏನೂ ಆಗಿಲ್ಲ, ಆದರೂ ಒತ್ತಡ ಏರುತ್ತಿಲ್ಲವೇ? ಹಾಗಾದರೆ ಸೆಲ್ಲಿನ ಪಿಸ್ಟನ್ ಬಿಗಿದುಕೊಂಡಿದೆ. ಸ್ಕ್ರೂಗಳನ್ನು ಎದುರುಬದುರು ಜೋಡಿಯಾಗಿ, ಸಮನಾಗಿ ತಿರುಗಿಸಿದ್ದೀರಾ ನೋಡಿ.

ಪೀಕ್ ದಪ್ಪವಾಗಿದೆ, ಒಡೆದಿದೆ

ಇಲ್ಲಿ ಮೊದಲ ಆರೋಪಿ ದ್ರವ. 4:1 ಮೆಥನಾಲ್–ಎಥನಾಲ್ ಸುಮಾರು 10 ಗಿಗಾಪಾಸ್ಕಲ್ ತನಕ ದ್ರವದ ಹಾಗೆ ನಡೆದುಕೊಳ್ಳುತ್ತದೆ. ಆರ್ಗಾನ್ 2ರ ಹೊತ್ತಿಗೇ ಸಮ ಒತ್ತಡ ಬಿಟ್ಟುಕೊಡುತ್ತದೆ. ನಿಯಾನ್ 4.8ರಲ್ಲಿ ಹೆಪ್ಪುಗಟ್ಟಿದರೂ ಮೆತ್ತಗಿರುತ್ತದೆ, 15ರವರೆಗೆ ದೂರು ಕಡಿಮೆ. ಹೀಲಿಯಂ 12ರ ಹತ್ತಿರ ಗಟ್ಟಿಯಾಗುತ್ತದೆ, ಆಮೇಲೂ ಎಲ್ಲರಿಗಿಂತ ಸಾಧು. ನಿಮ್ಮ ಪೀಕ್ ದಪ್ಪವಾಗಲು ಶುರುವಾದ ಒತ್ತಡ ಈ ಅಂಕಿಗಳಲ್ಲಿ ಒಂದರ ಜೊತೆ ಕೂಡಿಬಂದರೆ ಹರಳನ್ನು ದೂರಬೇಡಿ. ಪೊಟ್ಯಾಶಿಯಂ ಬ್ರೋಮೈಡ್ ಪುಡಿ ತುಂಬಿದವರು ಇನ್ನೊಂದು ಸಂಗತಿ ನೆನಪಿಡಬೇಕು. ಅದೇ ಸುಮಾರು 2 ಗಿಗಾಪಾಸ್ಕಲ್‌ನಲ್ಲಿ ರಚನೆ ಬದಲಿಸುತ್ತದೆ, ಜೊತೆಗೆ ಕುಗ್ಗುತ್ತದೆ. ಪಕ್ಕದವರ ಮನೆ ಕುಸಿದಾಗ ನಮ್ಮ ಗೋಡೆ ಬಿರುಕು ಬಿಟ್ಟ ಹಾಗೆ, ಆ ಹೊತ್ತಿಗೆ ನಿಮ್ಮ ಸ್ಯಾಂಪಲ್‌ನ ಪೀಕ್ ಕೂಡ ಜಿಗಿಯಬಹುದು.

ದ್ರವ ಸರಿ ಇದ್ದರೂ ಹರಳು ದಪ್ಪವಿದ್ದು ಎರಡೂ ವಜ್ರಕ್ಕೆ ತಾಗಿದರೆ ಒಂದೇ ದಿಕ್ಕಿನ ಒತ್ತಡ ಬೀಳುತ್ತದೆ. ಗ್ಯಾಸ್ಕೆಟ್ ಒತ್ತಡದಲ್ಲಿ ಇನ್ನೂ ತೆಳುವಾಗುತ್ತದೆ ಅನ್ನುವುದನ್ನು ಮರೆಯಬೇಡಿ. 40 ಮೈಕ್ರಾನ್ ಗ್ಯಾಸ್ಕೆಟ್‌ಗೆ 35 ಮೈಕ್ರಾನ್ ಹರಳು ಹಾಕಬಾರದು. 15–20 ಸಾಕು.

ಒಡೆದ ಪೀಕ್ ಒತ್ತಡದ ಏರುಪೇರಿನದೋ, ರಚನೆ ಬದಲಾದದ್ದೋ? ಇದಕ್ಕೆ ಸಮ್ಮಿತಿ ಸಹಾಯ ಮಾಡುತ್ತದೆ. ಕೆಲವು ಪೀಕ್‌ಗಳ ಹಿಂದೆ ಒಂದೇ ಶಕ್ತಿಯ ಎರಡು ಮೂರು ಕಂಪನಗಳು ಒಟ್ಟಿಗೆ ಅಡಗಿರುತ್ತವೆ. ಸಿಲಿಕಾನ್‌ನ 520 ಪೀಕ್‌ನಲ್ಲಿ ಮೂರಿವೆ. ಒಂದೇ ದಿಕ್ಕಿನಿಂದ ಒತ್ತಿದರೆ ಅವು ಬೇರೆಯಾಗುತ್ತವೆ, ಹೊಸ ರಚನೆಯೇನೂ ಬೇಕಿಲ್ಲ. ಒಂಟಿ ಕಂಪನದ ಪೀಕ್ ಹೀಗೆ ಒಡೆಯುವುದಿಲ್ಲ. ಕ್ಯಾಲ್ಸೈಟ್‌ನ 1086 ಪೀಕ್ ಅಂಥದ್ದು. ಕ್ಯಾಲ್ಸೈಟ್ ಸುಮಾರು 1.5 ಗಿಗಾಪಾಸ್ಕಲ್‌ನಲ್ಲಿ ಎರಡನೇ ರೂಪಕ್ಕೆ, 2 ದಾಟಿದ ಮೇಲೆ ಮೂರನೇ ರೂಪಕ್ಕೆ ಹೋಗುತ್ತದೆ. ಮೂರನೇ ರೂಪದಲ್ಲಿ ಈ ಪೀಕ್ ಒಡೆದು ಕಾಣುವುದು ನಿಜವಾದ ಬದಲಾವಣೆಯೇ.

ಆದರೂ ಒಂದು ಕಳ್ಳದಾರಿ ಉಳಿದಿದೆ. ಲೇಸರ್ ಚುಕ್ಕಿಯೊಳಗೆ ಎರಡು ಬೇರೆ ಒತ್ತಡದ ಚೂರುಗಳಿದ್ದರೆ ಒಂಟಿ ಪೀಕ್ ಕೂಡ ಜೋಡಿಯಾಗಿ ಕಾಣುತ್ತದೆ. ಚುಕ್ಕಿಯನ್ನು ಐದಾರು ಕಡೆ ಸರಿಸಿ. ಜೋಡಿಯ ಎತ್ತರದ ಅನುಪಾತ, ಅಂತರ ಎರಡೂ ಜಾಗದಿಂದ ಜಾಗಕ್ಕೆ ಬದಲಾದರೆ ಒತ್ತಡದ ಏರುಪೇರು. ಅಂತರ ಎಲ್ಲ ಕಡೆ ಒಂದೇ ಇದ್ದು, ಕಡಿಮೆ ಆವೃತ್ತಿಯ ಪೀಕ್‌ಗಳೂ ಅದೇ ಒತ್ತಡದಲ್ಲಿ ಬದಲಾಗಿದ್ದರೆ ಆಗ ಹರಳಿನ ಕಡೆ ತಿರುಗಬಹುದು. ನಾನು ಈ ಎರಡನೆಯದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಒಂದೇ ಪೀಕ್‌ನಲ್ಲಿ ಮಾತ್ರ ಕಾಣುವ ರಚನೆ ಬದಲಾವಣೆ ಅಪರೂಪ.

ಕಪ್ಪು ಬಣ್ಣದ ಸ್ಯಾಂಪಲ್ ಆದರೆ ಲೇಸರ್ ಬಿಸಿಯನ್ನೂ ನೋಡಿ. ಬಿಸಿಯಾದರೆ ಪೀಕ್ ಸಾಮಾನ್ಯವಾಗಿ ಕೆಳಕ್ಕೆ ಜಾರಿ ಅಗಲವಾಗುತ್ತದೆ. ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತಿರುವುದರಿಂದ ಎರಡೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತವೆ. ಶಕ್ತಿಯನ್ನು ಅರ್ಧ ಮಾಡಿ. ಪೀಕ್ ಅಲ್ಲೇ ನಿಂತರೆ ಸರಿ. ಮೇಲಕ್ಕೆ ಹೋದರೆ ಇನ್ನೂ ಅರ್ಧ ಮಾಡಿ.

ಪೀಕ್ ಮಾಯವಾಗಿದೆ

ಮೊದಲು ವಜ್ರದ 1332 ಪೀಕ್ ಮತ್ತು ದ್ರವದ ಪೀಕ್‌ಗಳನ್ನು ನೋಡಿ. ಅವೂ ಕುಗ್ಗಿದ್ದರೆ ಫೋಕಸ್ ತಪ್ಪಿದೆ, ಲೇಸರ್ ದಾರಿ ಸರಿದಿದೆ, ಅಷ್ಟೇ. ಅವು ಹಾಗೇ ಇದ್ದು ಸ್ಯಾಂಪಲ್‌ದು ಮಾತ್ರ ಹೋಗಿದ್ದರೆ ಮೈಕ್ರೋಸ್ಕೋಪ್‌ನಲ್ಲಿ ಹರಳನ್ನು ಹುಡುಕಿ. ಜರುಗಿರಬಹುದು. ತಿರುಗಿಕೊಂಡಿರಬಹುದು. ಹರಳು ತಿರುಗಿದರೆ ಲೇಸರ್‌ನ ಧ್ರುವೀಕರಣಕ್ಕೆ ತಕ್ಕಂತೆ ಕೆಲವು ಪೀಕ್‌ಗಳು ಸೊರಗುತ್ತವೆ, ಕೆಲವು ಏಳುತ್ತವೆ.

ಹರಳು ಅಲ್ಲೇ ಇದೆ, ಫೋಕಸ್ ಸರಿ ಇದೆ, ಆದರೂ ಪೀಕ್ ಇಲ್ಲ. ಈಗ ಅದು ನಿಜವಾದ ಸುದ್ದಿಯಾಗಿರಬಹುದು. ಆದರೆ ಯಾವ ಸುದ್ದಿ? ‘ಪೀಕ್ ಹೋಯಿತು, ಹರಳು ಅಸ್ತವ್ಯಸ್ತವಾಗಿ ಗಾಜಾಯಿತು’ ಎಂದು ಬರೆಯುವ ಆತುರ ಬೇಡ. ಸಿಲಿಕಾನ್ 11–12 ಗಿಗಾಪಾಸ್ಕಲ್‌ನಲ್ಲಿ ಲೋಹವಾಗುತ್ತದೆ, 520ರ ಪೀಕ್ ಹೋಗಿಬಿಡುತ್ತದೆ. ಜಿಂಕ್ ಆಕ್ಸೈಡ್ 9–10ರಲ್ಲಿ ಅಡುಗೆ ಉಪ್ಪಿನ ರಚನೆಗೆ ಬರುತ್ತದೆ. ಆ ರಚನೆಯಲ್ಲಿ ಮೊದಲ ದರ್ಜೆಯ, ಅಂದರೆ ಒಂದೇ ಕಂಪನದಿಂದ ಬರುವ ರಾಮನ್ ಪೀಕ್‌ಗೆ ಅವಕಾಶವೇ ಇಲ್ಲ. ಎರಡರಲ್ಲೂ ಪರಮಾಣುಗಳು ಶಿಸ್ತಾಗಿ ಸಾಲಿನಲ್ಲೇ ಕೂತಿವೆ. ಗಾಜಾದರೆ ಪೂರ್ತಿ ಖಾಲಿಯಾಗುವುದಿಲ್ಲ, ಸಾಮಾನ್ಯವಾಗಿ ಅಗಲವಾದ ಗುಡ್ಡ ಉಳಿಯುತ್ತದೆ. ಇವುಗಳನ್ನು ಖಚಿತವಾಗಿ ಬೇರ್ಪಡಿಸಲು ಎಕ್ಸ್-ರೇ ವಿವರ್ತನೆಯೇ ಬೇಕು, ರಾಮನ್ ಒಂದರಿಂದ ಆಗುವ ಕೆಲಸವಲ್ಲ.

ಇನ್‌ಫ್ರಾರೆಡ್ ಅಳತೆಗೆ ಹೋಗುವವರಿಗೆ ಚುಟುಕಾಗಿ ಎರಡು ಎಚ್ಚರಿಕೆ. 1900ರಿಂದ 2600ರ ನಡುವೆ ವಜ್ರ ತಾನೇ ಬೆಳಕು ಹೀರುತ್ತದೆ, ಅಲ್ಲಿ ಪೀಕ್ ಹುಡುಕುವುದು ಕಷ್ಟ. ಸಮ ಅಂತರದ ಅಲೆಗಳು ಕಂಡರೆ ಅವು ಕಂಪನಗಳಲ್ಲ, ಎರಡು ವಜ್ರದ ಮುಖಗಳ ನಡುವೆ ಬೆಳಕು ಓಡಾಡಿದ ಗುರುತು. ನಡುವಿನ ಅಂತರ 30 ಮೈಕ್ರಾನ್ ಇದ್ದು ಒಳಗೆ ಆಲ್ಕೊಹಾಲಿನಂಥ ದ್ರವವಿದ್ದರೆ ಅಲೆಯಿಂದ ಅಲೆಗೆ ಸುಮಾರು 120 ಸೆಂ.ಮೀ⁻¹ ಇರುತ್ತದೆ.

ಇಳಿಸುವಾಗಲೂ ಅಳೆಯಿರಿ

ಒತ್ತಡ ಏರಿಸುವಾಗ ಹತ್ತು ಬಿಂದು ತೆಗೆದವರು ಇಳಿಸುವಾಗ ಸೀದಾ ಸೊನ್ನೆಗೆ ಬಂದುಬಿಡುತ್ತಾರೆ. ಅರ್ಧ ಸಾಕ್ಷಿ ಅಲ್ಲೇ ಕಳೆದುಹೋಗುತ್ತದೆ. ಬದಲಾವಣೆ ನಿಜವಾಗಿದ್ದು ಅದರಲ್ಲಿ ಗಾತ್ರ ಜಿಗಿದಿದ್ದರೆ, ಇಳಿಸುವಾಗ ಹಳೆಯ ಪೀಕ್ ತುಸು ಕಡಿಮೆ ಒತ್ತಡದಲ್ಲಿ ಮರಳುತ್ತದೆ, ಅಥವಾ ಮರಳುವುದೇ ಇಲ್ಲ. ಸಿಲಿಕಾನ್ ಲೋಹವಾದ ಮೇಲೆ ನಿಧಾನಕ್ಕೆ ಇಳಿಸಿದರೆ 520ಕ್ಕೆ ಬರುವುದಿಲ್ಲ, 350 ಮತ್ತು 430ರ ಸುತ್ತ ಪೀಕ್‌ಗಳಿರುವ ಬೇರೆ ರೂಪಗಳಲ್ಲಿ ನಿಲ್ಲುತ್ತದೆ. ಥಟ್ಟನೆ ಇಳಿಸಿದರೆ ಗಾಜಿನಂಥ ರೂಪಕ್ಕೆ ಹೋಗಬಹುದು, ಆಗ 480 ಹತ್ತಿರ ಒಂದು ಗುಡ್ಡ. ಹಾಗಾಗಿ ಎಷ್ಟು ಹೊತ್ತಿನಲ್ಲಿ ಇಳಿಸಿದಿರಿ ಅನ್ನುವುದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ಪೂರ್ತಿ ಇಳಿಸಿ, ಸೆಲ್ ಬಿಚ್ಚುವ ಮೊದಲು ಒಳಗಿನ ರೂಬಿಯನ್ನು ಒಮ್ಮೆ ತೆಗೆಯಿರಿ. ಅದು ಆ ದಿನದ ಹೊರಗಿನ ರೂಬಿಯ ಜೊತೆ ಕೂಡಬೇಕು. ಕೂಡದಿದ್ದರೆ ಸ್ಕ್ರೂ ಸಡಿಲಿಸಿದರೂ ಗ್ಯಾಸ್ಕೆಟ್ ಒಳಗೆ ಒತ್ತಡ ಉಳಿದಿದೆ. ಬಿಚ್ಚಿ, ಚೂರನ್ನು ಹೊರತೆಗೆದ ಮೇಲೂ ಗೆರೆ ಸರಿದೇ ಇದ್ದರೆ, ದಪ್ಪವಾಗಿಯೇ ಇದ್ದರೆ, ಆ ರೂಬಿ ಜಜ್ಜಿಹೋಗಿದೆ. ಅದನ್ನು ಇನ್ನೊಂದು ಲೋಡಿಂಗ್‌ಗೆ ಬಳಸಬೇಡಿ. ಈ ಲೋಡಿಂಗ್‌ನಲ್ಲಿ ಅದು ಕೊಟ್ಟ ಮೇಲಿನ ಒತ್ತಡದ ಅಂಕಿಗಳ ಪಕ್ಕದಲ್ಲೂ ಒಂದು ಪ್ರಶ್ನೆ ಚಿಹ್ನೆ ಹಾಕಿಡಿ.